ದಾನಿಯೇಲಪ್ಪನ ಕಿಟಕಿ

ಸರ್ವಜ್ಞನ ವಚನಗಳನ್ನು ಹಳ್ಳಿ ಹಳ್ಳಿಗಳಿಂದ ಕೂಡಿಸಿ 1924ರಲ್ಲಿ ಕನ್ನಡಿಗರ ಕೈಗೆ ಪುಸ್ತಕವಾಗಿ ಕೊಟ್ಟವರು ಉತ್ತಂಗಿ ಚನ್ನಪ್ಪ. ಅವರು ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿದ್ದರು ಎಂಬುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಗೊತ್ತಿರುವ ಸಂಗತಿ. ಅವರ ತಂದೆತಾಯಿಯ ಹೆಸರುಗಳನ್ನು ಮಾತ್ರ ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ತಂದೆ ದಾನಿಯೇಲಪ್ಪ, ತಾಯಿ ಸುಭಕ್ತವ್ವ. ದಾನಿಯೇಲ ಬೈಬಲಿನ ಪ್ರವಾದಿ. ‘ಅಪ್ಪ’ ಧಾರವಾಡದ ಕಡೆಯ ಪ್ರತ್ಯಯ. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲ ಒಂದು ಮನೆ 1881ರ ಹೊತ್ತಿಗೆ ಧಾರವಾಡದಲ್ಲಿತ್ತು, ಆ ಮನೆಯಲ್ಲಿ ಹುಟ್ಟಿದ ಮಗನಿಗೆ ಚನ್ನಪ್ಪ ಎಂದು ಹೆಸರಿಟ್ಟರು. ಬಾಸೆಲ್ ಮಿಷನ್ನಿನ ಕನ್ನಡ ಮತ್ತು ತುಳು ಸಭೆಗಳ ಇತಿಹಾಸವನ್ನು ಓದುತ್ತಾ ಬಂದ ನನಗೆ ಈ ಹೆಸರು ಒಂದು ದಾಖಲೆಯಂತೆಯೇ ಕಾಣುತ್ತದೆ.

ದಾನಿಯೇಲನ ಕತೆಯನ್ನು ಇಲ್ಲಿ ನೆನೆಯಲು ಕಾರಣವಿದೆ. ಅರಸ ದಾರ್ಯಾವೆಷ ಒಂದು ಆಜ್ಞೆ ಹೊರಡಿಸುತ್ತಾನೆ: ಮೂವತ್ತು ದಿನಗಳವರೆಗೆ ಅರಸನನ್ನು ಬಿಟ್ಟು ಬೇರೆ ಯಾವ ದೇವರಿಗೂ ಯಾರೂ ಬಿನ್ನಹ ಮಾಡಬಾರದು, ಮಾಡಿದರೆ ಸಿಂಹಗಳ ಗವಿ. ಸುದ್ದಿ ತಿಳಿದ ದಾನಿಯೇಲ ಮನೆಗೆ ಹೋಗಿ, ಯೆರೂಸಲೇಮಿನ ಕಡೆಗೆ ಕಿಟಕಿ ತೆರೆದಿದ್ದ ಮಹಡಿಯ ಕೋಣೆಯಲ್ಲಿ ಮೊಣಕಾಲೂರಿ ದಿನಕ್ಕೆ ಮೂರು ಸಲ ಪ್ರಾರ್ಥಿಸುತ್ತಾನೆ. ಅದು ಅವನು ಮೊದಲಿನಿಂದಲೂ ಮಾಡುತ್ತಿದ್ದುದೇ. ಅವನು ಬೀದಿಗೆ ಬಂದು ಘೋಷಣೆ ಕೂಗಲಿಲ್ಲ. ಕಿಟಕಿ ಮುಚ್ಚಲೂ ಇಲ್ಲ. ದಿನಚರಿಯನ್ನು ಬದಲಿಸದೆ ಇದ್ದುದೇ ಅವನ ಅಪರಾಧವಾಯಿತು.

ನಂಬಿಕೆಯನ್ನು ಬಹಿರಂಗವಾಗಿ ಬದುಕುವುದು ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ಸಂತೆಯಲ್ಲಿ ನಿಂತು ಸಾರುವ ಉಪದೇಶಿ ಅಥವಾ ನೀರಿನಲ್ಲಿ ನಿಂತು ದೀಕ್ಷೆ ಪಡೆಯುವ ವ್ಯಕ್ತಿ. ನಮ್ಮ ಮತಾಂತರದ ಚರ್ಚೆಗಳೂ ಅಲ್ಲಿಗೇ ನಿಲ್ಲುತ್ತವೆ. ಆದರೆ ಹತ್ತೊಂಬತ್ತನೆಯ ಶತಮಾನದ ಕರಾವಳಿಯಲ್ಲಿ ಮತ್ತು ಧಾರವಾಡ ಸೀಮೆಯಲ್ಲಿ ಕ್ರೈಸ್ತರಾದವರ ಪಾಲಿಗೆ ದೀಕ್ಷಾಸ್ನಾನ ಒಂದು ದಿನದ ಮಾತು. ಅದರ ಮರುದಿನ ಯಾರ ಪಂಕ್ತಿಯಲ್ಲಿ ಊಟ, ಯಾವ ಬಾವಿಯ ನೀರು, ಯಾವ ಕೆಲಸ, ಯಾರ ಆಸ್ತಿ, ಭಾನುವಾರ ಏನು ಮಾಡುವುದು, ಮಗುವಿಗೆ ಏನು ಹೆಸರು ಎಂಬ ಪ್ರಶ್ನೆಗಳು ಸಾಲಾಗಿ ಬಂದು ನಿಂತವು. ಇವುಗಳಿಗೆ ಕೊಟ್ಟ ಉತ್ತರಗಳೇ ಅವರ ಬಹಿರಂಗ ನಂಬಿಕೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಈ ಮಿಷನ್ ಭಾರತಕ್ಕೆ ಕಾಲಿಟ್ಟದ್ದು 1834ರಲ್ಲಿ. ಬ್ರಿಟಿಷರಲ್ಲದ ಮಿಷನರಿಗಳಿಗೂ 1833ರ ಚಾರ್ಟರ್ ಕಾಯಿದೆ ಬಾಗಿಲು ತೆರೆದಿತ್ತು. ಸ್ಯಾಮುಯೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಆ ವರ್ಷದ ಅಕ್ಟೋಬರಿನಲ್ಲಿ ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. ಬಂದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದ ಭಕ್ತಿಪಂಥದ ಹಿನ್ನೆಲೆಯವರು, ಬಹಳಷ್ಟು ಜನ ರೈತರ ಮತ್ತು ಕುಶಲಕರ್ಮಿಗಳ ಮಕ್ಕಳು. ಹೃದಯ ಪರಿವರ್ತನೆಯಾದರೆ ಅದು ಕೈಕೆಲಸದಲ್ಲಿ, ಮಾತಿನಲ್ಲಿ, ಮನೆಯ ಶಿಸ್ತಿನಲ್ಲಿ ಕಾಣಲೇಬೇಕು ಎಂಬುದು ಅವರ ಪಂಥದ ತಿರುಳು. ಕಾಣದ ನಂಬಿಕೆ ಅವರ ದೃಷ್ಟಿಯಲ್ಲಿ ನಂಬಿಕೆಯೇ ಅಲ್ಲ.

ಮಂಗಳೂರಿಗೆ ಕ್ರೈಸ್ತಧರ್ಮ ಆಗ ಹೊಸದಾಗಿರಲಿಲ್ಲ. ಕೊಂಕಣಿ ಮಾತಾಡುವ ಕ್ಯಾಥೊಲಿಕರು ಅಲ್ಲಿ ತಲೆಮಾರುಗಳಿಂದ ನೆಲೆಸಿದ್ದರು. 1784ರಲ್ಲಿ ಟಿಪ್ಪು ಸುಲ್ತಾನ ಅವರಲ್ಲಿ ಸಾವಿರಾರು ಜನರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದಿದ್ದ. 1799ರಲ್ಲಿ ಅವನ ಪತನದ ನಂತರ ಬದುಕುಳಿದವರು ಮರಳಿ ಬಂದು ಮನೆ, ಇಗರ್ಜಿಗಳನ್ನು ಮತ್ತೆ ಕಟ್ಟಿಕೊಂಡಿದ್ದರು. ಅವರ ಬದುಕಿನಲ್ಲಿ ಹಳೆಯದು ಹೊಸದರೊಂದಿಗೆ ಹೆಣೆದುಕೊಂಡಿತ್ತು. ಮದುವೆಗೆ ಮುಂಚೆ ತೆಂಗಿನ ಹಾಲು ಹಚ್ಚುವ ರೋಸ್, ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ ಹೊಸ ಭತ್ತದ ತೆನೆ, ಜೊತೆಗೆ ಜಾತಿಯ ನೆನಪು ಕೂಡ. ಬಾಸೆಲಿನವರಿಗೆ ಈ ದಾರಿ ಒಪ್ಪಿಗೆಯಾಗಲಿಲ್ಲ. ಸಭೆಯೊಳಗೆ ಜಾತಿ ಇರಕೂಡದು, ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣಬೇಕು ಎಂದು ಅವರು ಪಟ್ಟುಹಿಡಿದರು. ಇದರ ಮೊದಲ ದೊಡ್ಡ ಪರೀಕ್ಷೆ 1844ರಲ್ಲಿ ಬಂತು.

ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಆನಂದರಾವ್ ಕೌಂಡಿನ್ಯ ಸಾರಸ್ವತ ಬ್ರಾಹ್ಮಣ ಮನೆತನದ ಹುಡುಗ. ಇನ್ನೂ ಇಪ್ಪತ್ತು ತುಂಬಿರಲಿಲ್ಲ, ಮದುವೆಯಾಗಿತ್ತು. ಆ ವರ್ಷದ ಜನವರಿಯಲ್ಲಿ ಇನ್ನಿಬ್ಬರು ಬ್ರಾಹ್ಮಣ ಯುವಕರೊಂದಿಗೆ ಆತ ದೀಕ್ಷಾಸ್ನಾನ ಪಡೆದ. ಹಿಂದಿನ ವರ್ಷವಷ್ಟೇ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದ್ದ ಹರ್ಮನ್ ಮೋಗ್ಲಿಂಗರ ಹೆಸರನ್ನೇ ತನ್ನ ಹೆಸರಿನ ಮುಂದೆ ಇಟ್ಟುಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯನಾದ. ಹೆಸರಿಗೆ ಹೊಸದು ಸೇರಿತು, ಹಳೆಯದು ಹೋಗಲಿಲ್ಲ. ಗೋತ್ರದ ಋಷಿಯ ಹೆಸರನ್ನು ಮಂಗಳೂರಿನ ಪ್ರಾಟೆಸ್ಟೆಂಟ್ ಸಭೆ ಅಂದಿನಿಂದ ಹೊತ್ತುಕೊಂಡು ಬಂದಿದೆ.

ಮಂಗಳೂರು ಕಲಕಿಹೋದದ್ದು ಹುಡುಗ ಯೇಸುವನ್ನು ನಂಬಿದ ಎಂಬ ಕಾರಣಕ್ಕಿಂತ ಹೆಚ್ಚಾಗಿ ಅವನು ಅದನ್ನು ಬಹಿರಂಗ ಮಾಡಿದ ಎಂಬ ಕಾರಣಕ್ಕೆ ಎಂದು ನನ್ನ ಅನಿಸಿಕೆ. ಮನಸ್ಸಿನಲ್ಲಿ ಯಾವ ದೇವರನ್ನಾದರೂ ನೆನೆಯುವುದಕ್ಕೆ ಜಾತಿವ್ಯವಸ್ಥೆ ಅಡ್ಡಿ ಮಾಡುವುದು ಕಡಿಮೆ. ಬೇರೆಯವರ ಮನೆಯಲ್ಲಿ ಕುಳಿತು ಉಂಡರೆ ಮಾತ್ರ ತಡೆಯುವುದಿಲ್ಲ. ಜಾತಿ ಇರುವುದು ಅಡುಗೆಮನೆಯಲ್ಲಿ, ಆದ್ದರಿಂದ ನಂಬಿಕೆಯ ಸಾಕ್ಷಿಯೂ ಅಲ್ಲೇ ಬೇಕಾಯಿತು. ಮಿಷನರಿಯೂ ಊರಿನ ಹಿರಿಯರೂ ಒಂದು ವಿಷಯದಲ್ಲಿ ಒಂದೇ ಅಭಿಪ್ರಾಯದವರು: ಒಬ್ಬ ಮನುಷ್ಯ ಯಾವ ಕಡೆಗೆ ಸೇರಿದ್ದಾನೆಂದು ತಿಳಿಯಬೇಕಾದರೆ ಅವನು ಯಾರ ಜೊತೆ ಉಣ್ಣುತ್ತಾನೆಂದು ನೋಡಬೇಕು.

ಕೌಂಡಿನ್ಯ 1846ರಲ್ಲಿ ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ದೀಕ್ಷೆ ಪಡೆದು ಮರಳಿ ಬಂದರು. ಹೆಂಡತಿ ಅವರ ಜೊತೆ ಬಾಳಲು ಒಪ್ಪಲಿಲ್ಲ. 1860ರಲ್ಲಿ ಅವರು ಜರ್ಮನಿಯ ಮರೀ ರೈನ್‌ಹಾರ್ಟ್ ಅವರನ್ನು ಮದುವೆಯಾದರು. ಮಿಷನ್ನಿನ ಚರಿತ್ರೆಗಳಲ್ಲಿ ಇದು ಎರಡು ಸಾಲಿನಲ್ಲಿ ಮುಗಿಯುವ ವಿಷಯ. ನನಗೆ ಮಾತ್ರ ಆ ಮೊದಲ ಹೆಂಡತಿಯನ್ನು ಬಿಟ್ಟು ಮುಂದೆ ಹೋಗುವುದು ಕಷ್ಟ. ಗಂಡ ಬದುಕಿದ್ದೂ ಇಲ್ಲದಂತಾದ, ಮರುಮದುವೆಯ ದಾರಿಯಿಲ್ಲದ ಬ್ರಾಹ್ಮಣ ಮನೆಯ ಹೆಣ್ಣುಮಗಳು ತನ್ನ ಮನೆಯ ಧರ್ಮದಲ್ಲಿ ಉಳಿಯುತ್ತೇನೆ ಎಂದಳು. ಅದೂ ಎಲ್ಲರ ಕಣ್ಣೆದುರಿಗೆ, ದಿನದಿನವೂ, ತನ್ನ ಖರ್ಚಿನಲ್ಲಿ ಪಾಲಿಸಿದ ನಂಬಿಕೆ. ಕ್ರೈಸ್ತನಾದವನ ಧೈರ್ಯವನ್ನು ಬರೆಯುವಾಗ ಆಕೆಯ ದೃಢತೆಗೆ ಬೇರೆ ಹೆಸರು ಕೊಟ್ಟರೆ ಚರಿತ್ರೆ ಪಕ್ಷಪಾತವಾಗುತ್ತದೆ.

ಇಂಥ ಮನೆಗಳ ಜಗಳ ಕಾನೂನಿನವರೆಗೂ ಹೋಯಿತು. ಧರ್ಮ ಬಿಟ್ಟವನು ಪಿತ್ರಾರ್ಜಿತದ ಹಕ್ಕನ್ನೂ ಬಿಟ್ಟಂತೆ ಎಂಬುದು ಹಳೆಯ ವ್ಯವಹಾರ. ಬಂಗಾಳದಲ್ಲಿ 1832ರ ನಿಬಂಧನೆಯೊಂದು ಇದನ್ನು ಸಡಿಲಿಸಿತ್ತು. 1850ರ ಜಾತಿ ಅನರ್ಹತೆ ನಿವಾರಣಾ ಕಾಯಿದೆ ಅದನ್ನು ಕಂಪೆನಿ ಆಡಳಿತದ ಎಲ್ಲ ಪ್ರದೇಶಗಳಿಗೂ ವಿಸ್ತರಿಸಿತು. 1866ರ ಇನ್ನೊಂದು ಕಾಯಿದೆ ದಾಂಪತ್ಯಕ್ಕೆ ಸಂಬಂಧಿಸಿದ್ದು. ಧರ್ಮ ಬದಲಿಸಿದ ಕಾರಣಕ್ಕೆ ಗಂಡ ಅಥವಾ ಹೆಂಡತಿ ಆರು ತಿಂಗಳು ಬಿಟ್ಟಿದ್ದರೆ ಕ್ರೈಸ್ತರಾದವರು ನ್ಯಾಯಾಲಯಕ್ಕೆ ಹೋಗಬಹುದು. ನ್ಯಾಯಾಧೀಶರು ಬಿಟ್ಟವರನ್ನು ಕರೆಸಿ ಕೇಳಬೇಕು. ಒಂದು ವರ್ಷ ಕಾಲಾವಕಾಶ ಕೊಟ್ಟು ಮತ್ತೆ ಕೇಳಬೇಕು. ಆಗಲೂ ಒಪ್ಪದಿದ್ದರೆ ವಿವಾಹ ರದ್ದು, ಇಬ್ಬರೂ ಮರುಮದುವೆಯಾಗಬಹುದು. ಕಾಗದದ ಮೇಲೆ ಬಿಡುಗಡೆ ಇಬ್ಬರಿಗೂ ಇತ್ತು. ರೂಢಿಯಲ್ಲಿ ಅದು ಹೆಚ್ಚಾಗಿ ಒಬ್ಬರಿಗೆ ಮಾತ್ರ ದಕ್ಕುವಂಥದು.

ಬ್ರಾಹ್ಮಣ ಯುವಕರ ಕತೆ ಗದ್ದಲ ಎಬ್ಬಿಸಿತಾದರೂ ಸಭೆ ತುಂಬಿದ್ದು ಅವರಿಂದಲ್ಲ. ತುಳುನಾಡಿನಲ್ಲಿ ಕ್ರೈಸ್ತರಾದವರಲ್ಲಿ ದೊಡ್ಡ ಪಾಲು ಬಿಲ್ಲವರು. ಅವರ ಮರುದಿನ ಇನ್ನೂ ಕಠಿಣ. ಮೂರ್ತೆಗಾರಿಕೆ ಅನೇಕರ ಕುಲಕಸುಬು. ಕಳ್ಳಿಳಿಸುವುದು ಕ್ರೈಸ್ತರಿಗೆ ತಕ್ಕ ಕೆಲಸವಲ್ಲವೆಂದು ಮಿಷನ್ ಹೇಳಿತು. ಗೇಣಿ ಭೂಮಿಯನ್ನು ನಂಬಿದವರ ಸ್ಥಿತಿಯೂ ಭದ್ರವಲ್ಲ. ಚಾಲಗೇಣಿಯ ಒಕ್ಕಲನ್ನು ಧಣಿ ಬಯಸಿದಾಗ ಎಬ್ಬಿಸಬಹುದಿತ್ತು. ಆಸ್ತಿ ಬರುವುದು ಅಳಿಯಸಂತಾನದಲ್ಲಿ, ತಾಯಿಯ ಕಡೆಯಿಂದ. ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಮಿಷನರಿಗಳ ಕಣ್ಣಿಗೆ ಕ್ರೈಸ್ತ ಕುಟುಂಬವೆಂದರೆ ಗಂಡ, ಹೆಂಡತಿ, ಅವರ ಮಕ್ಕಳು. ಮಾವನ ಮನೆತನದ ಸದಸ್ಯನಾಗಿದ್ದವನು ದೀಕ್ಷೆಯ ನಂತರ ತಂದೆ ಎಂಬ ಹೊಸ ಪಾತ್ರವನ್ನು ಕಲಿಯಬೇಕಾಯಿತು. ಇದು ದೇವರ ಬದಲಾವಣೆಗಿಂತ ಸಣ್ಣ ಬದಲಾವಣೆಯೇನಲ್ಲ.

ಇದೆಲ್ಲದರ ಮೇಲೆ ಭೂತ. ತುಳುನಾಡಿನ ಊರೊಂದರಲ್ಲಿ ಕೋಲ ನಡೆದರೆ ಅದು ಇಡೀ ಊರಿನ ಲೆಕ್ಕ. ಯಾವ ಮನೆ ಏನು ಕೊಡಬೇಕು, ಯಾರು ಯಾವ ಚಾಕರಿ ಮಾಡಬೇಕು ಎಂಬುದು ಮೊದಲೇ ನಿಶ್ಚಯವಾಗಿರುತ್ತದೆ. ಬಿಲ್ಲವರಲ್ಲಿ ಪಾತ್ರಿಗಳಾಗಿ ದರ್ಶನಕ್ಕೆ ನಿಲ್ಲುವವರೂ ಇದ್ದರು. ಅಂಥ ಕಡೆ ಒಬ್ಬ ಬರದೆ ಉಳಿದರೆ ಸಾಲಿನಲ್ಲಿ ಒಂದು ಜಾಗ ಖಾಲಿಯಾಗಿ ಎಲ್ಲರಿಗೂ ಕಾಣುತ್ತದೆ. ಆ ವರ್ಷ ಮಗುವಿಗೆ ಜ್ವರ ಬಂದರೆ, ಹಸು ಸತ್ತರೆ, ಮಳೆ ತಪ್ಪಿದರೆ ಬೆರಳು ಆ ಖಾಲಿ ಜಾಗದ ಕಡೆಗೆ ತಿರುಗುತ್ತದೆ. ನಂಬಿಕೆಯನ್ನು ಬಾಯಲ್ಲಿ ಸಾರದೆ ಸುಮ್ಮನೆ ಮನೆಯಲ್ಲಿ ಕುಳಿತುಕೊಳ್ಳುವುದೇ ಇಲ್ಲಿ ದೊಡ್ಡ ಸಾರಿಕೆ. ದಾನಿಯೇಲನಿಗೆ ಕಿಟಕಿ ತೆರೆದಿಡುವುದು ಹೇಗೋ ಇವರಿಗೆ ಕೋಲಕ್ಕೆ ಹೋಗದಿರುವುದು ಹಾಗೆ.

ನೆಲ, ಕಸುಬು, ನೆಂಟರು ಮೂರೂ ತಪ್ಪಿದವರಿಗೆ ಮಿಷನ್ ಕೆಲಸ ಹುಡುಕಬೇಕಾಯಿತು. ಹಲವು ಪ್ರಯತ್ನಗಳ ನಂತರ ಮೂರು ನೆಲೆನಿಂತವು. 1841ರಲ್ಲಿ ಮುದ್ರಣಾಲಯ, 1851ರಲ್ಲಿ ಬಂದ ಯೋಹಾನ್ ಹಾಲರ್ ಎಂಬ ನೇಕಾರನಿಂದ ನೇಯ್ಗೆ, 1865ರಲ್ಲಿ ಜೆಪ್ಪುವಿನಲ್ಲಿ ಯೋರ್ಗ್ ಪ್ಲೆಬ್ಸ್ಟ್ ಹಾಕಿದ ಹೆಂಚಿನ ಕಾರ್ಖಾನೆ. ನೇತ್ರಾವತಿಯ ದಂಡೆಯ ಜೇಡಿಮಣ್ಣು, ಕಟ್ಟಿಗೆ, ದೋಣಿಯ ಸಾಗಾಟ, ಬಂದರು ಎಲ್ಲವೂ ಕೈಗೆಟುಕುವಲ್ಲಿ ಇದ್ದವು. ಮುಂದೆ ಕುದ್ರೋಳಿ, ಮಲ್ಪೆ, ಕಲ್ಲಿಕೋಟೆಗಳಲ್ಲೂ ಕಾರ್ಖಾನೆಗಳೆದ್ದವು. ಮುಳಿಹುಲ್ಲಿನ ಮಾಡಿನ ನಾಡು ಕೆಂಪು ಹೆಂಚಿನ ನಾಡಾಯಿತು.

ಕಾರ್ಖಾನೆ ಸಭೆಯ ದಿನಚರಿಯನ್ನೇ ಬದಲಿಸಿತು. ಮುಂಜಾನೆ ಪ್ರಾರ್ಥನೆ, ಆಮೇಲೆ ಕೆಲಸ; ಗಂಟೆ ಹೊಡೆದಾಗ ಶುರು, ಗಂಟೆ ಹೊಡೆದಾಗ ನಿಲುಗಡೆ; ಭಾನುವಾರ ಗೂಡಿಗೆ ಮಣ್ಣಿಲ್ಲ, ಮಗ್ಗಕ್ಕೆ ಕೈಯಿಲ್ಲ. ಅಮಾವಾಸ್ಯೆ, ಸಂಕ್ರಾಂತಿ, ಜಾತ್ರೆ, ಕೋಲಗಳಿಂದ ಅಳೆಯುತ್ತಿದ್ದ ಕಾಲವನ್ನು ಏಳು ದಿನದ ವಾರ ಅಳೆಯತೊಡಗಿತು. ಪೇಟೆಯೆಲ್ಲ ತೆರೆದಿರುವಾಗ ಒಂದು ಸಮುದಾಯ ಬಿಳಿ ಬಟ್ಟೆ ತೊಟ್ಟು ದೇವಾಲಯಕ್ಕೆ ನಡೆದುಹೋಗುವ ದೃಶ್ಯಕ್ಕೆ ಬೇರೆ ಉಪದೇಶವೇ ಬೇಕಿರಲಿಲ್ಲ.

ಆದರೆ ಇಲ್ಲೇ ಒಂದು ತೊಡಕೂ ಇತ್ತು. ಕೆಲಸ ಕೊಡುವವರು, ಮನೆ ಕಟ್ಟಿಕೊಳ್ಳಲು ಜಾಗ ಕೊಡುವವರು, ಮಕ್ಕಳಿಗೆ ಶಾಲೆ ಕೊಡುವವರು, ಕರ್ತನ ಭೋಜನಕ್ಕೆ ಯಾರು ಅರ್ಹರೆಂದು ತೀರ್ಮಾನಿಸುವವರು ಎಲ್ಲ ಒಂದೇ ಕೈಯವರು. ಕುಡಿದವನನ್ನು, ಭಾನುವಾರ ತಪ್ಪಿಸಿದವನನ್ನು, ಗುಟ್ಟಾಗಿ ಭೂತಕ್ಕೆ ಹರಕೆ ಹೊತ್ತವನನ್ನು ಸಭೆಯ ಶಿಸ್ತು ಪ್ರಶ್ನಿಸುತ್ತಿತ್ತು. ತೆರೆದ ಕಿಟಕಿಯ ಹೊರಗೆ ಒಬ್ಬ ಮೇಲ್ವಿಚಾರಕ ಸದಾ ನಿಂತಿದ್ದರೆ ಒಳಗಿನ ಪ್ರಾರ್ಥನೆ ಯಾರಿಗಾಗಿ ಎಂಬ ಸಂಶಯ ಹುಟ್ಟುವುದು ಸಹಜ. ಹೊಟ್ಟೆಪಾಡಿಗೆ ಕ್ರೈಸ್ತರಾದರು ಎಂಬ ಊರಿನವರ ಮೂದಲಿಕೆಯೂ ಈ ತೊಡಕನ್ನೇ ಹಿಡಿದು ಜಗ್ಗುತ್ತಿತ್ತು. ಆ ಮೂದಲಿಕೆಯಲ್ಲಿ ಅರ್ಧ ಸತ್ಯವಿದೆ ಎಂದು ಒಪ್ಪಬಹುದು. ಉಳಿದರ್ಧವನ್ನು ಅದು ಮುಚ್ಚಿಡುತ್ತದೆ: ಹೊಟ್ಟೆಪಾಡು ಹೋದದ್ದೇ ಕ್ರೈಸ್ತರಾದ ಮೇಲೆ. ಮೇಲಾಗಿ, ಬೇರೆಯವರ ಭಕ್ತಿಯಲ್ಲಿ ಅನ್ನ ಮತ್ತು ದೇವರನ್ನು ಬೇರ್ಪಡಿಸಿ ತೂಗಿ ನೋಡದ ನಾವು ಬಡವರು ಧರ್ಮ ಬದಲಿಸಿದಾಗ ಮಾತ್ರ ತಕ್ಕಡಿ ಹಿಡಿಯುತ್ತೇವೆ.

ಆ ತಕ್ಕಡಿಗೆ ಇನ್ನೊಂದು ಸಂಗತಿಯನ್ನೂ ಹಾಕಬೇಕು. ಕೊಡಗಿನ ಆನಂದಪುರದಲ್ಲಿ, ತಲೆತಲಾಂತರದಿಂದ ಜೀತದಲ್ಲಿದ್ದ ದಲಿತ ಕುಟುಂಬಗಳಿಗೆ ನೆಲೆಯೊಂದನ್ನು ಕಟ್ಟಿಕೊಡುವ ಕೆಲಸದಲ್ಲಿ ಮೋಗ್ಲಿಂಗರ ಜೊತೆ ದುಡಿದವರು ಇದೇ ಕೌಂಡಿನ್ಯರು. ಸಾರಸ್ವತರ ಮನೆಯಲ್ಲಿ ಹುಟ್ಟಿದವರು ಆ ಕುಟುಂಬಗಳ ನಡುವೆ ಓಡಾಡಿದ್ದು, ಅವರೊಂದಿಗೆ ಒಂದೇ ದೇವಾಲಯದಲ್ಲಿ ಮೊಣಕಾಲೂರಿದ್ದು ಆ ಕಾಲಕ್ಕೆ ಯಾವ ಪ್ರಸಂಗಕ್ಕಿಂತಲೂ ಗಟ್ಟಿಯಾದ ಮಾತು. ಅವರು 1893ರಲ್ಲಿ ತೀರಿಕೊಂಡರು.

ಮುರಿಯುವುದರ ಮೇಲೆಯೇ ಇಷ್ಟು ಒತ್ತು ಕೊಟ್ಟ ಮಿಷನ್ ತನಗೆ ಗೊತ್ತಿಲ್ಲದೆ ಜೋಡಿಸುವ ಕೆಲಸವನ್ನೂ ಮಾಡುತ್ತಿತ್ತು. ತುಳುವಿನಲ್ಲಿ ಹೊಸ ಒಡಂಬಡಿಕೆ 1847ರಲ್ಲೇ ಕನ್ನಡ ಲಿಪಿಯಲ್ಲಿ ಬಂತು. ಕಿಟೆಲ್ 1862ರಲ್ಲಿ ‘ಕಥಾಮಾಲೆ’ ಎಂಬ ಹೆಸರಿನಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಪದ್ಯಬಂಧಗಳಲ್ಲಿ ಹೇಳಿದರು. ನಾಗವರ್ಮನ ಛಂದೋಗ್ರಂಥವನ್ನು 1875ರಲ್ಲಿ ಸಂಪಾದಿಸಿದರು. 1894ರಲ್ಲಿ ನಿಘಂಟು ಕೊಟ್ಟರು. ಭೂತಾರಾಧನೆಯನ್ನು ಬಿಡಬೇಕೆಂದು ಸಾರಿದ ಮಿಷನ್ನಿನ ಮುದ್ರಣಾಲಯವೇ 1886ರಲ್ಲಿ ಮ್ಯಾನರ್ ಸಂಗ್ರಹಿಸಿದ ಭೂತಗಳ ಪಾಡ್ದನಗಳನ್ನು ಅಚ್ಚು ಹಾಕಿತು. ಆ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದವರು ಸಭೆಯ ಕ್ರೈಸ್ತರೇ ಆಗಿದ್ದರೆ, ತಮ್ಮ ಹಿರಿಯರು ಬಿಟ್ಟುಬಂದ ದೈವಗಳ ಹೆಸರುಗಳನ್ನು ಅವರೇ ಅಕ್ಷರ ಅಕ್ಷರವಾಗಿ ಜೋಡಿಸಿರಬೇಕು. ಮಿಷನ್ನಿನ ಹೆಸರು ಅಚ್ಚೊತ್ತಿದ ಹೆಂಚುಗಳು ದೇವಸ್ಥಾನಗಳ ಮಾಡನ್ನೂ ಏರಿದವು. ದಿನನಿತ್ಯದ ಬದುಕು ಬೇಲಿಗಳನ್ನು ಹಾಕುವಷ್ಟೇ ಸಲೀಸಾಗಿ ದಾಟುತ್ತದೆ.

ಈ ದಾಟುವಿಕೆಯನ್ನು ಅರಿವಿನಿಂದ ಬದುಕಿ ತೋರಿಸಿದವರು ಉತ್ತಂಗಿಯವರು. ಲಿಂಗಾಯತ ಹಿನ್ನೆಲೆಯ ಕ್ರೈಸ್ತ ಮನೆಯಲ್ಲಿ ಹುಟ್ಟಿ, ಸಭಾಪಾಲಕರಾಗಿ ಬಾಳಿದ ಅವರಿಗೆ ಕ್ರೈಸ್ತನಾಗುವುದು ಎಂದರೆ ಸುತ್ತಲಿನದಕ್ಕೆ ಬೆನ್ನು ತಿರುಗಿಸುವುದಾಗಿರಲಿಲ್ಲ. 1921ರಲ್ಲಿ ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಬರೆದರು. ಆ ಶೀರ್ಷಿಕೆಯಲ್ಲಿರುವುದು ವಿನಂತಿ, ಸವಾಲಲ್ಲ. ಸರ್ವಜ್ಞನ ನಂತರ ಮೋಳಿಗೆಯ ಮಾರಯ್ಯನ ವಚನಗಳನ್ನು, ಸಿದ್ಧರಾಮನ ಸಾಹಿತ್ಯವನ್ನು ಸಂಪಾದಿಸಿದರು. ಅನುಭವ ಮಂಟಪದ ಐತಿಹಾಸಿಕತೆಯನ್ನು ಕುರಿತು ಬರೆದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಕನ್ನಡಿಗರು ಅವರನ್ನು ‘ತಿರುಳ್ಗನ್ನಡದ ತಿರುಕ’ ಎಂದು ಕರೆದರು, ಅವರು ಪಾದ್ರಿಯಾಗಿಯೇ ಇದ್ದರು. ಭಾನುವಾರ ವೇದಿಕೆಯಲ್ಲಿ ನಿಂತು ಕ್ರಿಸ್ತನನ್ನು ಸಾರುವವರು ಉಳಿದ ದಿನ ಶರಣರ ಸಾಲುಗಳನ್ನು ತಿದ್ದುತ್ತಾ ಕುಳಿತರೆ, ಒಂದು ಇನ್ನೊಂದರ ಮರೆಯಾಗಬೇಕಿಲ್ಲ ಎಂಬುದಕ್ಕೆ ಬೇರೆ ವಾದ ಬೇಕಾಗಿಲ್ಲ.

1844ರ ಮಂಗಳೂರಿನಲ್ಲಿ ನಂಬಿಕೆಯನ್ನು ತೋರಿಸಲು ಒಂದು ಪಂಕ್ತಿಯಿಂದ ಎದ್ದು ಇನ್ನೊಂದು ಪಂಕ್ತಿಯಲ್ಲಿ ಕೂರಲೇಬೇಕಿತ್ತು. ನೂರು ವರ್ಷಗಳ ನಂತರ ಒಬ್ಬ ಚನ್ನಪ್ಪ ಎಲ್ಲಿಂದಲೂ ಏಳದೆ ತನ್ನ ನಂಬಿಕೆಯನ್ನು ಬಚ್ಚಿಡದೆ ಬದುಕಿದರು. ಮೊದಲನೆಯದು ನಡೆಯದೆ ಎರಡನೆಯದು ಸಾಧ್ಯವಿರಲಿಲ್ಲ ಎಂದು ನಾನು ತಿಳಿಯುತ್ತೇನೆ. ಸಹಪಂಕ್ತಿಗಾಗಿ ಮುರಿದವರ ಕಷ್ಟವನ್ನು ಮರೆತು ಉತ್ತಂಗಿಯವರ ಸಮನ್ವಯವನ್ನಷ್ಟೇ ಹೊಗಳುವುದು ಸುಲಭದ ಸೌಹಾರ್ದ. ಮುರಿದದ್ದನ್ನಷ್ಟೇ ನೆನೆದು ಇವರು ಪರಕೀಯರೆನ್ನುವುದು ಇನ್ನೂ ಸುಲಭದ ದ್ವೇಷ.

ಸಂವಿಧಾನದ 25ನೆಯ ವಿಧಿ ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಚಾರ ಮಾಡುವ ಸ್ವಾತಂತ್ರ್ಯ ಕೊಡುತ್ತದೆ. ನಮ್ಮ ವಾದಗಳೆಲ್ಲ ಸುತ್ತುವುದು ಮೊದಲನೆಯ ಮತ್ತು ಮೂರನೆಯ ಕ್ರಿಯಾಪದಗಳ ಸುತ್ತ. 2022ರ ಕರ್ನಾಟಕದ ಕಾಯಿದೆ ಮತಾಂತರವಾಗುವವರು 30 ದಿನ ಮುಂಚೆ ಜಿಲ್ಲಾ ದಂಡಾಧಿಕಾರಿಗೆ ತಿಳಿಸಬೇಕೆಂದಿತು. 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಅದನ್ನು ಹಿಂತೆಗೆದುಕೊಳ್ಳಲು ತೀರ್ಮಾನಿಸಿತು. ಪರ ವಿರೋಧಗಳೆರಡೂ ಒಬ್ಬ ವ್ಯಕ್ತಿ ಯಾವ ಗಳಿಗೆಯಲ್ಲಿ ಈಚೆಯಿಂದ ಆಚೆಗೆ ಹೋದ ಎಂಬ ಲೆಕ್ಕದಲ್ಲಿ ಮುಳುಗಿದ್ದವು. ನಡುವಿನ ಕ್ರಿಯಾಪದವನ್ನು, ಆಚರಿಸುವುದನ್ನು, ಯಾರೂ ಹೆಚ್ಚು ಕೇಳಿದಂತಿಲ್ಲ. ಆದರೆ ಚರಿತ್ರೆಯ ಬಹುಪಾಲು ಇರುವುದು ಅಲ್ಲೇ. ಊಟದ ಸಾಲಿನಲ್ಲಿ, ಖಾಲಿ ಉಳಿದ ಕೋಲದ ಜಾಗದಲ್ಲಿ, ಭಾನುವಾರ ತಣ್ಣಗಾದ ಹೆಂಚಿನ ಗೂಡಿನಲ್ಲಿ, ಗಂಡನ ಹಿಂದೆ ಹೋಗದ ಹೆಂಡತಿಯ ಮನೆಯಲ್ಲಿ, ಮಗುವನ್ನು ಎತ್ತಿಕೊಂಡು ಚನ್ನಪ್ಪಾ ಎಂದು ಕರೆದ ದಾನಿಯೇಲಪ್ಪನ ಬಾಯಲ್ಲಿ. ಇವನ್ನೆಲ್ಲ ಯಾವ ಅರ್ಜಿ ನಮೂನೆಯಲ್ಲಿಯೂ ತುಂಬಿಸಲಾಗದು.